ಆಟಿ ಕಳೆದ ಮೇಲಿನ ದರ

ಕಾಪು, ಆಗಸ್ಟ್ ೧೮, ಸೋಮವಾರ

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿನಲ್ಲಿ ನನಗೂ ಅಕ್ಕನಿಗೂ ಕೊನೆಗೂ ಜಾಗ ಆಯಿತು. ಆದರೆ ಕಿಟಕಿಯ ಕೋಣೆಗೆ ಕಳೆದ ತಿಂಗಳು ಹೇಳಿದ ದರ ಇಂದು ಇರಲಿಲ್ಲ, ಏರಿತ್ತು. ನಮ್ಮ ತುಳುವರ ಆಟಿ ತಿಂಗಳಲ್ಲಿ ಹೊಸ ಕೆಲಸ ಶುಭವಲ್ಲ, ಮುಂದಿನ ಸೋಣ ತಿಂಗಳು ಬರಲಿ ಎಂದು ತಡೆದವಳು ನಾನೇ.

ಉಡುಪಿಯ ಏಜೆಂಟ್ ಜಿತೇಂದ್ರನನ್ನು ಗದರಿಸಿದೆ. “ನಿನ್ನ ಮಾತಿಗೆ ಬೆಲೆ ಉಂಟಾ ಇಲ್ವಾ?”

“ಅಮ್ಮ, ಅದು ಆ ದಿನದ ರೇಟು. ಬುಕ್ ಮಾಡದೆ ನಿಲ್ಲುವುದಿಲ್ಲ. ಹಳೆಯ ರೇಟಿಗೆ ಕಿಟಕಿ ಇಲ್ಲದ ಕೋಣೆ ಉಂಟು.”

ಜೊತೆಗೆ ಬಂದಿದ್ದ ಸೊಸೆ ತೃಪ್ತಿ ನಕ್ಕಳು. “ಅತ್ತೆ, ನೀವು ಮಲ್ಪೆಯಲ್ಲಿ ಬಂಗುಡೆ ಮೀನು ಏಲಂ ಕರೆಯುವಾಗ, ಮನೆಯಲ್ಲಿ ಕೇಳಿ ಬರುತ್ತೇನೆ ಎಂದವರಿಗೆ ಬುಟ್ಟಿ ಎತ್ತಿಟ್ಟದ್ದುಂಟಾ?”

ಇಟ್ಟಿಲ್ಲ. ಇಡುವವಳೂ ಅಲ್ಲ. ಆಮೇಲೆ ಚೌಕಾಸಿ ಮಾಡಲಿಲ್ಲ.

ನನಗೆ ಕಿಟಕಿ ಬೇಕಾಗಿಲ್ಲ. ನಮ್ಮ ಮನೆಯ ಬಾಗಿಲು ತೆರೆದರೆ ಸಮುದ್ರ. ಅಕ್ಕ ಹಾಗಲ್ಲ. ಪೆರ್ಡೂರಿಗೆ ಮದುವೆಯಾಗಿ ಹೋದ ಮೇಲೆ, ಕಡಲು ಕಾಣದ ಮನೆಯಲ್ಲಿ ಬೆಳಗಾಗುವುದೇ ಇಲ್ಲ ಎಂದು ಎಷ್ಟು ವರ್ಷ ಅತ್ತಳು! ಕಿಟಕಿಯ ಕೋಣೆಯನ್ನೇ ಬರೆಸಿದೆ, ಹಣ ಅಲ್ಲೇ ಕಟ್ಟಿದೆ.

ಸಂಜೆ ಅಕ್ಕನ ಫೋನು. “ರೇಟು ಎಂತ ಆಯ್ತು?”

“ಮೊದಲು ಹೇಳಿದ್ದೇ” ಎಂದೆ. ನಿಜ ಹೇಳಿದರೆ ಬರುವವಳಲ್ಲ.

ಆಟಿ ಪಾಲಿಸಿದ್ದರಲ್ಲಿ ತಪ್ಪಿಲ್ಲ. ಇನ್ನೊಮ್ಮೆ ಹೋಗುವುದಾದರೆ ಆಟಿಗೆ ಮೊದಲೇ ವಿಚಾರಿಸಬೇಕು, ಅಷ್ಟೇ.