ಅಕ್ಕ ಹೊತ್ತ ನೆಲ್ಲಿರಸದ ಕ್ಯಾನು

ಭಾವನಿಗೆ,

ನಿನ್ನ ಬಾಮೈದನ ನಮಸ್ಕಾರ. ನೀನು ಬದುಕಿದ್ದಾಗ ನಮಸ್ಕಾರ ಮಾಡಿದರೆ, "ಏನ್ಲಾ, ಏನ್ ಮಾರಕ್ಕೆ ಬಂದೆ?" ಅನ್ನುತ್ತಿದ್ದೆ. ಈ ಸಲ ಮಾರಲು ಏನೂ ತಂದಿಲ್ಲ.

ಬಡವನಹಳ್ಳಿಯ ನನ್ನ ಜ್ಯೂಸ್ ಅಂಗಡಿಗೆ ಬೋರ್ಡು ಕಟ್ಟಿದ ದಿನ ನೆನಪಿದೆಯಾ? 'ನೆಲ್ಲಿರಸ: ಆಂಟಿಆಕ್ಸಿಡೆಂಟ್ ಭರಪೂರ, ಲಿವರ್‌ಗೆ ರಕ್ಷೆ.' ಮೊಬೈಲಿನಲ್ಲಿ ಕಂಡದ್ದನ್ನೇ ಬರೆಸಿದ್ದೆ. ಶಿರಾ ಸಂತೆಯಲ್ಲಿ ಕುರಿ ಮಾರಿ, ಗಂಟಲು ತೋಯಿಸಿಕೊಂಡು ಬಂದ ನೀನು ಓದಿ ನಕ್ಕೆ. "ಅಂಗಾದ್ರೆ ಸಂಜೆ ಹಾಕಿದ್ದನ್ನ ಬೆಳಿಗ್ಗೆ ತೊಳ್ಕಬೌದು ಅನ್ನು." ನಾನು ಜಮಾಖರ್ಚಿನ ಮನುಷ್ಯ. ಸಂಜೆ ಖರ್ಚು, ಬೆಳಿಗ್ಗೆ ಜಮಾ ಎಂದು ತಲೆಯಾಡಿಸಿದೆ. ಸಂತೆಯ ದಿನ ಮಾತ್ರ ಕುಡಿಯುತ್ತಿದ್ದ ನೀನು, ಬೆಳಿಗ್ಗೆ ಅಕ್ಕ ರಸ ಕೊಡುತ್ತಾಳೆಂಬ ಧೈರ್ಯದಲ್ಲಿ ದಿನವೂ ಶುರುಮಾಡಿದ್ದು ಆಮೇಲೆ ತಾನೆ?

ನಿನ್ನ ಕಣ್ಣು ಹಳದಿಯಾದಾಗ ಮಧುಗಿರಿಯ ಡಾಕ್ಟರು ನನ್ನನ್ನು ಹೊರಗೆ ಕರೆದು ಬಿಡಿಸಿ ಹೇಳಿದರು. ಮದ್ಯವನ್ನು ಅರಗಿಸುವಾಗ ಲಿವರ್‌ನಲ್ಲಿ ಹುಟ್ಟುವ ಕಣಗಳು ಲಿವರ್ ಅನ್ನೇ ಕಚ್ಚುತ್ತವಂತೆ. ಆಂಟಿಆಕ್ಸಿಡೆಂಟ್ ಅವನ್ನು ತಡೆಯುವಂಥದ್ದು, ನಿಜ. ಆದರೆ ಕುಡಿತ ನಿಲ್ಲಿಸದವನನ್ನು ಯಾವ ರಸವೂ ಉಳಿಸುವುದಿಲ್ಲ ಅಂದರು. ಒಳಗೆ ಬಂದರೆ ನೀನು ಕೇಳಿದೆ, "ರಸ ಜಾಸ್ತಿ ಮಾಡ್ಲೇನ್ಲಾ?" ಊರಿಗೆಲ್ಲ ಮಾತು ಮಾರುವ ನಾನು ಅವತ್ತು ಡಾಕ್ಟರ ಮಾತನ್ನು ನಿನ್ನಿಂದ ಮುಚ್ಚಿಟ್ಟೆ. ಬೋರ್ಡು ನನ್ನದಲ್ಲವೇ...

ಅಕ್ಕ ಕೊರಟಗೆರೆಯ ಮದುವೆಗೆ ಹೋಗಿದ್ದಳಲ್ಲ, ಆ ವಾರವೇ ನೀನು ರಕ್ತ ಕಾರಿಕೊಂಡು ಹೋಗಿಬಿಟ್ಟೆ. ತಾನಿಲ್ಲದೆ ರಸ ತಪ್ಪಿತು, ಅದಕ್ಕೇ ಹೋದರು ಎಂದು ಅವಳು ನಂಬಿಬಿಟ್ಟಳು. ನಾನು ತಿದ್ದಲಿಲ್ಲ. ತನ್ನ ಆ ಪಾಪ ತೀರಲೆಂದು ಅವಳು ದಿನಾ ಬೆಳಿಗ್ಗೆ ನನ್ನ ಅಂಗಡಿಯಿಂದ ಒಂದು ಕ್ಯಾನು ಹೊತ್ತು, ನಿಮ್ಮ ಹಟ್ಟಿಯ ಕುಡುಕರಿಗೆಲ್ಲ ಲೋಟ ಲೋಟ ಹಂಚತೊಡಗಿದಳು. ದುಡ್ಡು ಬೇಡವೆಂದು ನಾನೂ ದೊಡ್ಡವನಾದೆ.

ಇವತ್ತು ಅವಳು ಹಿಗ್ಗಿಕೊಂಡೇ ಬಂದಳು. ಎದುರುಮನೆಯ ರಂಗನಿಗೆ ಈಗ ಭಯವೇ ಇಲ್ಲವಂತೆ. ಎಷ್ಟು ಕುಡಿದರೂ ಅಕ್ಕನ ರಸ ಇದೆಯಲ್ಲ ಅನ್ನುತ್ತಾನಂತೆ. ನಿನ್ನ ಮಾತೇ ಇನ್ನೊಂದು ಬಾಯಲ್ಲಿ, ಭಾವ. ಇನ್ನು ತಡೆಯಲಾಗಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ.

ಅಕ್ಕ ಕ್ಯಾನು ಕೆಳಗಿಟ್ಟಳು.

"ಅಂಗಾದ್ರೆ ಅವ್ರು ಹೋಗಿದ್ದು ನಾನ್ ಮದ್ವೆಗೆ ಹೋಗಿದ್ದಕ್ಕಲ್ವಾ?"

"ಅಲ್ಲ ಕಣಕ್ಕ."

"ನಿಂಗೆ ಅವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಕ್ಯಾನನ್ನು ನನ್ನ ಕಡೆಗೆ ತಳ್ಳಿ, "ನಾಳೆ ಖಾಲಿ ಕ್ಯಾನು ತಕಂಡು ನೀನೇ ಬಾ. ಹಟ್ಟೀಲಿ ಎಲ್ಲಾ ರಸಕ್ಕೆ ಕಾದು ಕುಂತಿರ್ತಾರೆ. ನಂಗೆ ಹೇಳ್ದಂಗೇ ಹೇಳು" ಎಂದು ಹೊರಟುಹೋದಳು.

ಬೋರ್ಡು ಇಳಿಸಿದ್ದೇನೆ. ನಾಳೆ ಹೋಗುತ್ತೇನೆ, ಒಪ್ಪಿದರೆ ರಂಗನನ್ನು ಬಸ್ಸಿಗೆ ಹತ್ತಿಸಿಕೊಂಡು ಅದೇ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ಹಟ್ಟಿಯಲ್ಲಿ ಯಾರಾದರೂ ನಿನ್ನ ಹಾಗೇ ನಕ್ಕು ಏನು ಮಾರಲು ಬಂದೆ ಎಂದು ಕೇಳಿದರೆ, ನೀನು ಹೋದ ಕಥೆಯನ್ನು ಹೇಳುತ್ತೇನೆ, ಭಾವ. ಅದರಲ್ಲಿ ನನ್ನ ಪಾಲನ್ನೂ ಬಿಡದೆ.