ಘಾಟು ಏಳದ ಮೆಣಸಿನಕಾಯಿ

ಭಾಂಡುಪ್, ಮುಂಬಯಿ
ರವಿವಾರ, 18 ಆಗಸ್ಟ್ 2024

ಪೂಜ್ಯ ಇಂದ್ರಾಬಾಯಿ ವೈನಿಯವರಿಗೆ ಮೈದುನ ಅಣವೀರಪ್ಪನ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ಮೊಣಕಾಲ ನೋವು ಹೇಗಿದೆ? ನಿಮ್ಮ ತಮ್ಮ ಸುಭಾಷನ ಬಿಲ್ಡಿಂಗಿಗೆ ಲಿಫ್ಟ್ ಇಲ್ಲವೆಂಬುದು ಈ ಮಳೆಯಲ್ಲಿ ಪದೇಪದೇ ನೆನಪಾಗುತ್ತದೆ. ಒಂದೇ ಊರಿನೊಳಗೆ ಭಾಂಡುಪಿನಿಂದ ದಹಿಸರಿಗೆ ಪತ್ರವೇಕೆ ಎಂದು ನೀವು ನಗಬಹುದು. ನನ್ನ ಫೋನನ್ನು ನೀವು ಎತ್ತುತ್ತಿಲ್ಲ. ಅದಕ್ಕೆ ನಿಮ್ಮನ್ನು ದೂರುವ ಯೋಗ್ಯತೆ ನನಗಿಲ್ಲ. ಎದುರಿಗೆ ಬಂದರೆ ಎಂದಿನಂತೆ ಸಿಹಿಯಾಗಿ ಮಾತಾಡಿ ಜಾರಿಕೊಳ್ಳುತ್ತೇನೆಂಬ ಭಯವೂ ಇದೆ.

ನಮ್ಮ ಸಂಘದ ಕೋಣೆಯಲ್ಲಿ ರವಿವಾರದ ಓದಿನ ಕೂಟ ನಡೆದೇ ಇದೆ. ಹುಡುಗರು ಕನ್ನಡವನ್ನು ತಡವರಿಸಿ ಓದುತ್ತಾರೆ, ಅರ್ಧಕ್ಕೇ ಹಿಂದಿಗೆ ಹೊರಳುತ್ತಾರೆ; ಆದರೂ ಅವರ ನಡುವೆ ಕುಳಿತಾಗ ನನಗೆ ನಾಳೆಯ ಮೇಲೆ ನಂಬಿಕೆ ಬರುತ್ತದೆ. ಈ ಮಳೆಗಾಲಕ್ಕೆ ಮಾಟಗಾತಿಯರ ಕುರಿತ ಒಂದು ಕಾದಂಬರಿಯನ್ನು ಆರಿಸಿದ್ದೆ. ಅದರಲ್ಲೊಂದು ಊರು. ಹಾಲು ಒಡೆದರೂ ಕರು ಸತ್ತರೂ ಅಲ್ಲಿಯ ಜನ ಒಬ್ಬ ಒಂಟಿ ಹೆಂಗಸಿನ ಹೆಸರು ಹೇಳುತ್ತಾರೆ, ಕೊನೆಗೆ ಅವಳನ್ನು ಊರಾಚೆಗೆ ಅಟ್ಟುತ್ತಾರೆ. ಅವಳು ನಿರಪರಾಧಿಯೆಂದು ಬಲ್ಲ ಮಾಸ್ತರನೊಬ್ಬ ಸುಮ್ಮನೆ ನೋಡುತ್ತಾನೆ.

ಕಳೆದ ರವಿವಾರ ಆ ಭಾಗ ಮುಗಿದಾಗ, ಹೋಟೆಲಿನ ದೂಜಣ್ಣನ ಮಗಳು ಯಕ್ಷಿತಾ ತಡೆಯಲಾರದೆ ಕೇಳಿದಳು: "ಸರ್, ಮಾಸ್ತರ್‌ಗೆ ಸಬ್ ಕುಛ್ ಗೊತ್ತಿತ್ತಲ್ವಾ? ಮತ್ತೆ ಚುಪ್ ಯಾಕೆ ಕೂತ್ರು?" ಹಿಂದಿನ ಸಾಲಿನಿಂದ ಧನರಾಜ್ ಎಂಬ ಹುಡುಗ "ಪಗಾರ್ ಕಟ್ ಆಗ್ತದಂತ!" ಎಂದ. ಎಲ್ಲರೂ ನಕ್ಕರು. ಬಲ್ಲವರ ಹೇಡಿತನದ ಬಗ್ಗೆ ನಾನೊಂದು ಭಾಷಣವನ್ನೇ ಮಾಡಿದೆ. ಚಪ್ಪಾಳೆ ಬಿತ್ತು. ನಮ್ಮ ಮಗ ಈಶ್ವರನ ಹೆಂಡತಿ ದಾನೇಶ್ವರಿ ಮಾತ್ರ ತಟ್ಟಲಿಲ್ಲ. ಮನೆಗೆ ಬರುವಾಗ ರಿಕ್ಷಾದಲ್ಲಿ ಹೇಳಿದಳು: "ಮಾವಾರ, ಪುಸ್ತಕದಾಗಿನ ಮಾಸ್ತರಗ ಭಾಳ ಬೈದ್ರಿ. ದೊಡ್ಡತ್ತಿ ಬ್ಯಾಗ್ ಸ್ಟೇಷನ್ನಿಗೆ ಹೊತ್ಕೊಂಡು ಹೋದಾವ್ರು ಯಾರ್ರಿ?"

ನಿಮ್ಮ ಬ್ಯಾಗು ಹೊತ್ತವನು ನಾನೇ, ವೈನಿ. ಕಳೆದ ದೀಪಾವಳಿಯ ಹೊತ್ತಿಗೆ ನೀವು ದಾನೇಶ್ವರಿಯ ಗಲ್ಲ ಸವರಿ "ಬಸುರಿ ಕಳೆ ಎಷ್ಟ ಛಂದ ಬಂದೈತಿ ನಮ್ಮ ಹುಡುಗಿಗೆ" ಎಂದಿರಿ. ವಾರದೊಳಗೆ ಗರ್ಭ ಇಳಿಯಿತು. ನನ್ನ ಹೆಂಡತಿ ಮಹಾದೇವಿ ಒಣಮೆಣಸಿನಕಾಯಿ ನಿವಾಳಿಸಿ ಕಾದ ಹಂಚಿನ ಮೇಲೆ ಹಾಕಿದಳು. ಯಾರಿಗೂ ಕೆಮ್ಮು ಬರಲಿಲ್ಲ. ಘಾಟು ಏಳದಿದ್ದರೆ ದೃಷ್ಟಿ ತಾಗಿದೆಯೆಂಬುದು ನಮ್ಮವರ ನಂಬಿಕೆಯಲ್ಲವೇ? ಪಕ್ಕದ ಮನೆಯ ಕಾಶವ್ವ "ಕಣ್ಣು ಹೊರಗಿಂದಲ್ಲ, ಮನಿಯೊಳಗಿಂದೇ ಐತವ್ವ" ಎಂದಳು. ಎಲ್ಲರೂ ನಿಮ್ಮ ಕಡೆ ನೋಡಿದರು.

ಆಗ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ತಿರುಗುತ್ತಿತ್ತು, ವೈನಿ. ಈಶ್ವರ ಹೊಸದಾಗಿ ಹಾಕಿಸಿದ್ದ ಫ್ಯಾನು ಘಾಟನ್ನೆಲ್ಲ ಹೊರಗೆ ಎಳೆಯುತ್ತಿತ್ತು. ಸ್ವಿಚ್ಚು ನನ್ನ ಭುಜದ ಬಳಿಯೇ ಇತ್ತು. ನೋಡಿದೆ, ಬಾಯಿ ಬಿಡಲಿಲ್ಲ. ಅತ್ತು ಅತ್ತು ಸೋತ ಮಹಾದೇವಿಗೆ ದುಃಖ ಇಳಿಸಲು ಒಂದು ಜಾಗ ಸಿಕ್ಕಿತ್ತು. ಅದನ್ನು ಕಸಿಯಲು ನನಗೆ ಧೈರ್ಯವಾಗಲಿಲ್ಲ. ಆಮೇಲೆ "ನಾಕ ದಿನ ತಮ್ಮನ ಮನ್ಯಾಗ ಇದ್ದು ಬರ್ರಿ, ಹವಾ ಬದಲಾಗ್ತೈತಿ" ಎಂದು ನಿಮ್ಮನ್ನು ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಕೂರಿಸಿ ಕೈಬೀಸಿದೆ. ಏಕೆ ಕಳಿಸುತ್ತಿದ್ದೇವೆಂಬುದು ನಿಮಗೆ ತಿಳಿದೇ ಇತ್ತು. "ಹುಡುಗಿಗೆ ಹಾಲು ತಪ್ಪಿಸಬ್ಯಾಡ್ರಿ" ಎಂದಷ್ಟೇ ಹೇಳಿದಿರಿ.

ಕಾದಂಬರಿ ನನಗೆ ಕಲಿಸಿದ್ದು ಇಷ್ಟು. ಮಾಟಗಾತಿಯೊಬ್ಬಳನ್ನು ಹುಟ್ಟಿಸಲು ದುಷ್ಟರು ಬೇಕಿಲ್ಲ. ದುಃಖದಲ್ಲಿರುವ ಒಂದು ಮನೆ ಸಾಕು, ಅದರಲ್ಲಿ ತಿಳಿದೂ ಮಾತಾಡದ ಒಬ್ಬ ಓದಿದವನು ಸಾಕು. ಕಲ್ಲೆಸೆದವನಿಗೆ ಕೈಯಾದರೂ ನೋಯುತ್ತದೆ. ನನಗೆ ಅದೂ ಆಗಲಿಲ್ಲ. ಮಕ್ಕಳೆದುರು ಪುಸ್ತಕ ಹಿಡಿದು ನಿಲ್ಲಲು ನಾಚಿಕೆಯಾಗುತ್ತಿದೆ.

ಇನ್ನೊಂದು ಸುದ್ದಿಯನ್ನು ನಿಮ್ಮಿಂದ ಬಚ್ಚಿಟ್ಟಿದ್ದೇವೆ. ದಾನೇಶ್ವರಿಗೆ ಈಗ ಏಳನೆಯ ತಿಂಗಳು. ನಿಮ್ಮ ಕಣ್ಣು ತಾಗೀತೆಂದು ತಿಳಿಸಲಿಲ್ಲ. ನೀವು ಇದನ್ನು ನನ್ನಿಂದಲೇ ತಿಳಿಯಬೇಕು. ಮಗು, ತಾಯಿ ಇಬ್ಬರೂ ಕ್ಷೇಮ.

ಸುಭಾಷನಿಗೂ ಅವನ ಮನೆಯವರಿಗೂ ನನ್ನ ನೆನಪುಗಳು. ಕ್ಷಮೆ ಕೇಳುವುದಷ್ಟೇ ನನ್ನ ಪಾಲಿನದು. ಕೊಡುವುದು, ಬಿಡುವುದು ನಿಮ್ಮದು.

ನಿಮ್ಮ ಮೈದುನ,
ಅಣವೀರಪ್ಪ

ತಾ.ಕ.: ಮುಂದಿನ ರವಿವಾರ ದಾನೇಶ್ವರಿಯ ಸೀಮಂತ, ಕುಬಸ ಮಾಡುತ್ತಿದ್ದೇವೆ. ಇಂದು ಬೆಳಿಗ್ಗೆ ಫ್ಯಾನಿನ ಸಂಗತಿಯನ್ನು ಮಹಾದೇವಿಗೂ ಕಾಶವ್ವನಿಗೂ ಹೇಳಿಬಿಟ್ಟೆ. ಮಹಾದೇವಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಗಂಡನಿಲ್ಲದವರು ಉಡಿ ತುಂಬಬಾರದೆಂದು ಕಾಶವ್ವ ತಕರಾರು ತೆಗೆದಳು. ದಾನೇಶ್ವರಿ ಅವಳೆದುರೇ ಹೇಳಿದಳು: "ಮೊದಲ ಉಡಿ ದೊಡ್ಡತ್ತಿದು. ಅಕಿ ಬರೂತನಕಾ ನಾ ಮಣಿ ಮ್ಯಾಲ ಕೂಡಾಕಿ ಅಲ್ಲ." ಶನಿವಾರ ಬೆಳಿಗ್ಗೆ ನಾನು ದಹಿಸರಿಗೆ ಬರುತ್ತೇನೆ, ನೀವು ಬಾಗಿಲು ತೆರೆಯದಿದ್ದರೂ ಮೆಟ್ಟಿಲ ಮೇಲೆ ಕುಳಿತಿರುತ್ತೇನೆ. ಅಷ್ಟರಲ್ಲಿ ಮನಸ್ಸಾದರೆ ಸೂಜಿಗೆ ದಾರ ಪೋಣಿಸಿರಿ, ವೈನಿ. ಕೂಸಿನ ತಲೆಗೆ ಕುಂಚಿಗೆ ಹೊಲಿಯುವವರು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ.