ಬಾಲದಡಿಯ ನೊಣಗಳು

ಬರ್ಲಿ
ಆಗಸ್ಟ್ ೯, ೧೯೦೮

ಮಗಳೇ ಹೆಸ್ಟರ್,

ಕೆನ್ನೆಯ ಗಾಯ ಮಾಗಿತೇ? ರಾತ್ರಿ ನಿದ್ದೆ ಬರುತ್ತಿದೆಯೇ? ಸೋದರತ್ತೆಯ ಮನೆಯಲ್ಲಿ ಸಂಕೋಚಪಡದೆ ಹೊಟ್ಟೆ ತುಂಬ ಉಣ್ಣು. ನಾವು ಕ್ಷೇಮ ಎಂದು ಬರೆಯಲು ಹೊರಟೆ, ಆದರೆ ನಿನಗೆ ಸುಳ್ಳು ಬರೆಯಲು ನನ್ನಿಂದಾಗದು.

ಗುರುವಾರ ನಿನ್ನ ಗಂಡ ವಿಂಚೆಸ್ಟರಿನಿಂದ ಹೊಸದೊಂದು ಹೆಣ್ಣುಕುದುರೆ ಏರಿ ಬಂದ. ಬಾಗಿಲು ಒದ್ದು ಒಳನುಗ್ಗಿ, "ಏ ಮುದುಕಾ, ನನ್ನ ಹೆಂಡ್ತೀನ ಎಲ್ಲಿ ಬಚ್ಚಿಟ್ಟಿದೀಯಾ?" ಎಂದ. ನಿನ್ನ ಅಪ್ಪ ಬಾಯಿ ಬಿಡಲಿಲ್ಲ. ಚಾಟಿಯಿಂದ ಅವರ ಮುಖಕ್ಕೇ ಬಾರಿಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅಡ್ಡ ಹೋದ ನನ್ನ ಎಡಗೈ ಹಿಡಿದು ಬೆರಳು ಮುರಿದ. ಬರೆಯುವ ಕೈ ಚೆನ್ನಾಗಿದೆ, ಗಾಬರಿಯಾಗಬೇಡ. ಆಮೇಲೆ ತಣ್ಣಗೆ ಕೂತು, ನಮ್ಮದೇ ಸೇಬಿನ ಮದ್ಯ ಬಗ್ಗಿಸಿಕೊಂಡು ಕುಡಿದ.

ಅಷ್ಟರಲ್ಲಿ ಅಪ್ಪ ಅಂಗಳಕ್ಕಿಳಿದರು. ನಮ್ಮ ಕುದುರೆಯ ಬಾಲದಡಿ ಕಚ್ಚಿಕೊಂಡಿರುವ ನೊಣಗಳು ಗೊತ್ತಲ್ಲ, ಏಡಿಯ ಹಾಗೆ ಅಡ್ಡಡ್ಡ ಹರಿದು ರಕ್ತ ಹೀರುವವು, ಹಿಸುಕಿದರೂ ಸಾಯದವು. ಈ ಕಾಡಿನ ಕುದುರೆಗಳು ಅವಕ್ಕೆ ಒಗ್ಗಿಹೋಗಿವೆ. ಹೊರಗಿನದಕ್ಕೆ ಒಂದು ಹತ್ತಿದರೂ ಹುಚ್ಚೇ ಹಿಡಿಯುತ್ತದೆ. ಅಪ್ಪ ಮುಷ್ಟಿ ತುಂಬ ಕಿತ್ತು ಇಟ್ಟುಕೊಂಡು, ಅವನು ಹತ್ತಿ ಕೂತ ಕೂಡಲೇ ಆ ಕುದುರೆಯ ಬಾಲದಡಿ ಬಿಟ್ಟರು.

ಅದು ಕಿರುಚಿ ಹಿಂಗಾಲು ಝಾಡಿಸಿತು. ಅವನು ಚಾಟಿ ಬೀಸಿದ, ಬೂಟಿನ ಹಿಮ್ಮಡಿಯ ಮುಳ್ಳಿನಿಂದ ಅದರ ಪಕ್ಕೆ ತಿವಿದ, ಕೊನೆಗೆ ಉರುಳಿದ. ಒಂದು ಕಾಲು ರಿಕಾಬಿನಲ್ಲೇ ಸಿಕ್ಕಿಕೊಂಡಿತು. ಕುದುರೆ ಅವನನ್ನು ಅಂಗಳದ ತುಂಬ ಎಳೆದಾಡಿ, ಗೇಟಿನ ಕಂಬಕ್ಕೆ ಅಪ್ಪಳಿಸಿ, ದವಡೆಗೆ ಒದ್ದಿತು. ರಿಕಾಬಿನ ತೊಗಲಪಟ್ಟಿ ಹರಿದು ಅವನು ಅಲ್ಲೇ ಬಿದ್ದ. ಕುದುರೆ ಬೇಲಿ ಹಾರಲು ಹೋಗಿ ಮುಂಗಾಲು ಮುರಿದುಕೊಂಡಿತು. ಮೂಳೆ ಹೊರಗೆ ಬಂದಿತ್ತು. ಅಪ್ಪನೇ ಬಂದೂಕು ತಂದು ಕೊಲ್ಲಬೇಕಾಯಿತು. ಮೊದಲು ಅದರ ಕುತ್ತಿಗೆ ಸವರಿ, "ನಿಂದೇನು ತಪ್ಪಿತ್ತಮ್ಮಾ" ಎಂದು ಅತ್ತರು. ಅವನ ಕಡೆ ತಿರುಗಿಯೂ ನೋಡಲಿಲ್ಲ. ಅಂದಿನಿಂದ ಸರಿಯಾಗಿ ಉಂಡಿಲ್ಲ.

ಅತ್ತೆಯನ್ನು ಕೇಳಿದೆವೆಂದು ಹೇಳು. ದೇವರು ನಿನ್ನ ನೆತ್ತಿ ಕಾಯಲಿ.

ನಿನ್ನ ಅಮ್ಮ,
ಕೆಜಾಯಾ

ಮ. ವಿ.: ಅಪ್ಪ ಇದನ್ನು ಬರೆಯಬೇಡ ಎಂದಿದ್ದರು. ನನ್ನ ಬೆರಳು ಮುರಿದ ಸದ್ದಿಗೆ ತಡೆಯಲಾರದೆ ಅವರು ಅತ್ತೆಯ ಊರು ಹೇಳಿಬಿಟ್ಟರು. ಅವನು ಸತ್ತಿಲ್ಲ ಮಗಳೇ. ನಿನ್ನ ಮಂಚದ ಮೇಲೇ ಮಲಗಿದ್ದಾನೆ, ನಾನೇ ಗಂಜಿ ಕುಡಿಸುತ್ತಿದ್ದೇನೆ. ಬದುಕುತ್ತಾನೆ ಎಂದು ಡಾಕ್ಟರು ಹೇಳಿಹೋದರು. ಕಾಗದ ಮುಟ್ಟಿದ ಕೂಡಲೇ ಅಲ್ಲಿಂದ ಹೊರಡು. ಎಲ್ಲಿಗೆಂದು ನಮಗೂ ಬರೆಯಬೇಡ.